ಬೇರು ನೋಡುವ ತಪಾಸಣೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಜೇವರ್ಗಿಯ ಸಣ್ಣ ಯೋಜನಾ ಕಚೇರಿಯೊಂದರಲ್ಲಿ ಸಹಾಯಕನಾಗಿದ್ದೆ. ಹೊಲದ ಮಣ್ಣು ಕೊಚ್ಚಿ ಹೋಗದಂತೆ ಒಡ್ಡಿನ ಮೇಲೆ ಲಾವಂಚ ಹುಲ್ಲು ಬೆಳೆಸಿ ಕಾಯ್ದವರಿಗೆ ವರ್ಷಕ್ಕಿಷ್ಟೆಂದು ಸಹಾಯಧನ ಕೊಡುತ್ತಿದ್ದೆವು. ಕೊಡುವ ಹಣಕ್ಕಿಂತ ಆ ಹುಲ್ಲು ನೋಡಿ ಬರುವ ಜೀಪಿನ ಡೀಸೆಲ್ಲು, ನಮ್ಮ ಭತ್ಯೆಯೇ ಹೆಚ್ಚು. ನಂಬಿ ಕೆಡುವುದಕ್ಕಿಂತ ಅದೇ ವಾಸಿ ಅಂದುಕೊಂಡಿದ್ದೆವು.

ಎಲ್ಲರಿಗಿಂತ ಹೆಚ್ಚು ಅನುಮಾನದವನು ನಾನೇ. ತಪಾಸಣೆಯ ಹಿಂದಿನ ದಿನ ಹಳ್ಳದಿಂದ ಹುಲ್ಲು ತಂದು ಚುಚ್ಚುತ್ತಾರೆಂದು ಯಾರೋ ಹೇಳಿದ್ದರು. ಹಾಗಾಗಿ ನಾಲ್ಕಾರು ಬುಡ ಅಗೆದು ಬೇರು ನೋಡುವ ರೂಢಿ ಹಾಕಿದೆ. ಕಚೇರಿಯ ಸಾಹೇಬರು ನನ್ನ ಬುದ್ಧಿಗೆ ತಲೆದೂಗಿದರು.

ಯಡ್ರಾಮಿ ಕಡೆ ಒಬ್ಬ ವಿಧವೆ ನಾಲ್ಕು ಎಕರೆ ಹೊಲವನ್ನು ಒಬ್ಬಳೇ ಮಾಡುತ್ತಿದ್ದಳು. ನಾವು ಕೇಳುವ ಮೊದಲೇ ಈ ಹುಲ್ಲು ನಿನ್ನೆ ಹಚ್ಚಿದ್ದಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದುಕೊಂಡು ಸಲಿಕೆ ಹಾಕಿಸಿದೆ. ಬೇರು ಮೊಳದುದ್ದ ಇತ್ತು. ಆದರೆ ಮೇಲಿನವರಿಗೆ ನನ್ನ ವರದಿಯ ಮೇಲೂ ಅನುಮಾನ. ಒಂದರ ಹಿಂದೊಂದು ಇನ್ನೂ ಮೂರು ತಂಡಗಳು ಬಂದವು. ಎರೆಮಣ್ಣಿನ ಕೆಸರಲ್ಲಿ ಬೂಟು ಹೂಳುತ್ತದೆಂದು ಯಾರೂ ಒಳಗೆ ಹೋಗಲಿಲ್ಲ, ಜೀಪು ನಿಂತ ಮೂಲೆಯಲ್ಲೇ ಎಲ್ಲರೂ ಅಗೆಸಿದರು.

"ಬೇರು ಮ್ಯಾಲ ಬಂದ್ರ ಮಣ್ಣ ಯಾರ್ ಹಿಡೀಬೇಕ್ರೀ?" ಎಂದಳು ಆಕೆ. ಅದನ್ನೂ ಏನೋ ಮುಚ್ಚಿಡುವವರ ಮಾತೆಂದೇ ತಿಳಿದೆ.

ಮಘಾ ಮಳೆಯಲ್ಲಿ ಒಡ್ಡು ಅದೇ ಮೂಲೆಯಲ್ಲಿ ಒಡೆಯಿತು. ಮೊಳಕಾಲೆತ್ತರದ ತೊಗರಿ, ಮೇಲ್ಮಣ್ಣು ಎಲ್ಲ ಹಳ್ಳ ಸೇರಿತು. ಕಾರಣ ಬರೆಯದೆ ಕಡತ ಮುಂದೆ ಹೋಗುವಂತಿರಲಿಲ್ಲ. ನಾವೇ ಅಗೆದೆವೆಂದು ಬರೆದರೆ ಮೊದಲು ನನ್ನ ಕುತ್ತಿಗೆಗೇ ಬರುತ್ತಿತ್ತು. ಸಾಹೇಬರು ಹೇಳಿದಂತೆ, ಸಹಾಯಧನ ನಿಲ್ಲುತ್ತದೆಂದು ಗೊತ್ತಿದ್ದೂ 'ರೈತರ ನಿರ್ಲಕ್ಷ್ಯ' ಎಂದು ಬರೆದು, ಆಕೆಯ ಹೆಬ್ಬೆಟ್ಟಿಗೆ ಒಯ್ದೆ.

"ಏನ್ ಬರದೀರಿ ಸಾಹೇಬ್ರ?"

"ಮಳಿ ಭಾಳ ಆಗಿ ಒಡೀತು ಅಂತ ಬರದೇನಿ, ಯಕ್ಕಾ."

"ಮತ್ತ ರೊಕ್ಕ ಬರ್ತಾವಲ್ರೀ?"

ಬರುತ್ತದೆ ಎಂದೆ. ಪಕ್ಕದಲ್ಲೇ ಶಾಲೆಯ ಮಾಸ್ತರರು ನಿಂತಿದ್ದರು. ಅವರ ಕೈಗೆ ಕಾಗದ ಕೊಟ್ಟು ಓದಿಸಿಬಿಟ್ಟರೆ ಎಂದು ಕಾಗದವನ್ನು ನನ್ನ ಕೈಯಲ್ಲೇ ಹಿಡಿದು ಮಸಿಯ ಡಬ್ಬಿ ಮುಂದೆ ಚಾಚಿದೆ. ಆಕೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಬಿಸಿಲಲ್ಲಿ ಬಂದೀರಿ, ನೀರು ಕುಡಿದು ಹೋಗಿ ಎಂದಳು.