ಬೆನ್ನ ಮೇಲೆ ಬೆಳಗು ಬರೆಯುವಾಕೆ

ಗದ್ದೆಯ ನೀರಿನ ಮೇಲೆ ಇನ್ನೂ ಮಂಜು ಕೂತಿದೆ. ಕ್ರೌಲಿ ಊರಿನಾಚೆ, ಭತ್ತ ಕೊಯ್ದು ನೀರು ಕಟ್ಟಿದ ಗದ್ದೆಯಲ್ಲಿ ತಗಡಿನ ದೋಣಿಯೊಂದು ಗುಡುಗುಡು ಎನ್ನುತ್ತ ಸಾಲು ಹಿಡಿದು ಹೊರಟಿದೆ. ದೋಣಿಯ ಬದಿಗೆ ನಿಂತ ಕ್ಲೋವಿಸ್ ಮೆನಾರ್ ಬಾಗಿ ನೀರಿನಿಂದ ತಂತಿಬುಟ್ಟಿ ಎತ್ತುತ್ತಾರೆ, ಒಳಗೆ ಸಿಕ್ಕಿಬಿದ್ದ ಸಿಗಡಿಯಂಥ ಕ್ರಾಫಿಶ್‌ಗಳನ್ನು ಹಲಗೆಯ ಮೇಲೆ ಸುರಿಯುತ್ತಾರೆ, ಹೊಸ ಎರೆ ಹಾಕಿ ಬುಟ್ಟಿಯನ್ನು ಮತ್ತೆ ನೆಡುತ್ತಾರೆ. ಅವರಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ನಲವತ್ತರ ಹೊತ್ತಿಗೆ ಕಣ್ಣೂ ಪೂರ್ತಿ ಆರಿಹೋಯಿತು.

ಅವರ ಹಿಂದೆ ರಬ್ಬರ್ ಬೂಟು ತೊಟ್ಟು ನಿಂತಿರುವವರು ಓಡೀಲ್ ಟ್ರಾಹನ್. ವಯಸ್ಸು ಐವತ್ತೆಂಟು. ಅವರ ಬಲಗೈ ಕ್ಲೋವಿಸ್ ಬೆನ್ನ ಮೇಲಿದೆ. ದೋಣಿ ತಿರುಗುವುದಾದರೆ ಬೆರಳು ಭುಜದಿಂದ ಭುಜಕ್ಕೆ ಜಾರುತ್ತದೆ. ಕೊಕ್ಕರೆ ಹಾರಿದರೆ ಬೆನ್ನ ಮೇಲೆ ಎರಡು ರೆಕ್ಕೆ ಬಿಚ್ಚಿಕೊಳ್ಳುತ್ತವೆ. ಯಾರಾದರೂ ನಕ್ಕರೆ ಐದೂ ಬೆರಳು ಕಚಗುಳಿಯಿಟ್ಟಂತೆ ಕುಣಿಯುತ್ತವೆ.

“ಬುಟ್ಟಿ ಎಲ್ಲಿದೆ ಅಂತ ಅವನಿಗೆ ನಾನು ಹೇಳಿಕೊಡ್ಬೇಕಾ? ಈ ಗದ್ದೇಲೇ ಹುಟ್ಟಿ ಬೆಳ್ದೋನು,” ಎನ್ನುತ್ತಾರೆ ಓಡೀಲ್. “ನಾನು ಹೇಳೋದು ಮಿಕ್ಕಿದ್ದು. ಪಕ್ಕದ ಗದ್ದೇಲಿ ಲಾರಿ ಹೂತ್ಕೊಂಡ್ತು, ಅವನಣ್ಣ ಮುಖ ಗಂಟು ಹಾಕ್ಕೊಂಡ. ಬದುಕು ಅಂದ್ರೆ ಆ ಮಿಕ್ಕಿದ್ದೇ ತಾನೆ?”

ಈ ಸೀಮೆಯ ಹಳೆಯ ಫ್ರೆಂಚ್ ಮನೆತನಗಳು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದು ಬೆಳೆದವು. ಹೊಲ ಗದ್ದೆಯ ಜೊತೆಗೆ ಅಶರ್ ಎಂಬ ಕಾಯಿಲೆಯೂ ಕೆಲವು ಮನೆಗಳಲ್ಲಿ ಹರಿದುಬಂತು. ಅದು ಅಂಟುವ ರೋಗವಲ್ಲ. ತಂದೆ ತಾಯಿ ಇಬ್ಬರ ರಕ್ತದಲ್ಲೂ ಅಡಗಿದ್ದರೆ ಮಾತ್ರ ಮಗುವಿಗೆ ಬರುತ್ತದೆ. ಮಗು ಕಿವುಡಾಗಿ ಹುಟ್ಟುತ್ತದೆ. ಮುಂದೆ ಮೊದಲು ಇರುಳುಗಣ್ಣು, ಆಮೇಲೆ ಕೊಳವೆಯೊಳಗಿಂದ ನೋಡಿದ ಹಾಗೆ ನೋಟ ಕಿರಿದಾಗುತ್ತ ಹೋಗುತ್ತದೆ.

ಓಡೀಲ್ ಅವರ ಅಕ್ಕ ವೆರ್ನಾಗೂ ಇದೇ ಕಾಯಿಲೆ. ಶಾಲೆಯ ಮೊಬ್ಬುಗತ್ತಲ ಓಣಿಯಲ್ಲಿ ಎಡವಿ ಬೀಳುತ್ತಿದ್ದ, ಹಲಗೆಯ ಮೇಲಿನ ಅರ್ಧ ಸಾಲನ್ನಷ್ಟೇ ನಕಲು ಮಾಡುತ್ತಿದ್ದ ಹುಡುಗಿಗೆ ಕಲಿಕೆಯ ತೊಂದರೆ ಇದೆಯೆಂದು ಬುದ್ಧಿಮಾಂದ್ಯರ ತರಗತಿಗೆ ಹಾಕಿದರು. ಅವಳಿಗೆ ಆ ಉಳಿದರ್ಧ ಸಾಲು ಕಾಣುತ್ತಲೇ ಇರಲಿಲ್ಲ.

“ಊಟದ ಮೇಜಿನ ಸುತ್ತ ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಯಾಕೆ ನಗ್ತೀರಿ ಅಂತ ವೆರ್ನಾ ಕೇಳಿದ್ರೆ ಎಲ್ರದ್ದೂ ಒಂದೇ ಮಾತು, ‘ಆಮೇಲೆ ಹೇಳ್ತೀನಿ.’ ಆ ಆಮೇಲೆ ಅನ್ನೋದು ಯಾವತ್ತೂ ಬರ್ಲೇ ಇಲ್ಲ. ಅವಳು ಹೋಗೇಬಿಟ್ಳು.”

ಅಕ್ಕ ತೀರಿಹೋದ ಮೇಲೆ ಓಡೀಲ್, ಕಣ್ಣು ಕಿವಿ ಎರಡೂ ಇಲ್ಲದವರಿಗೆ ಸುತ್ತಲಿನದನ್ನೆಲ್ಲ ಮುಟ್ಟಿ ತಿಳಿಸುವ ಈ ಕೆಲಸ ಹಿಡಿದರು. ಇದರಲ್ಲಿ ಒಂದೇ ಕಟ್ಟಳೆ: ಅವನ ಎದುರು ಆಡಿದ ಮಾತೆಲ್ಲ ಅವನದು. ಬೈಗುಳವಾದರೂ ಸರಿ, ಗುಟ್ಟಾದರೂ ಸರಿ. ಕೈಗೆ ಉಂಗುರವಿಲ್ಲ, ಉಗುರು ಬೆಳೆಸುವಂತಿಲ್ಲ. ಮಣಿಕಟ್ಟಿನ ನೋವಿಗೆ ಮುಲಾಮು ಹಚ್ಚಿದರೂ ಕ್ಲೋವಿಸ್ ಮೂಗು ಮುರಿಯುತ್ತಾರೆ. ವಾರದ ದಿನಗಳಲ್ಲಿ ಈರುಳ್ಳಿ ಹೆಚ್ಚುವಂತೆಯೇ ಇಲ್ಲ. “ನನ್ ಗಂಡ ಗೊಣಗ್ತಾನೆ, ಆ ಕ್ಲೋವಿಸ್ ಮೂಗಿನ ದೆಸೆಯಿಂದ ಭಾನುವಾರದ ತನ್ಕ ನಂಗೆ ಈರುಳ್ಳಿ ಹಾಕಿದ ಗಂಬೋ ಸಾರಿಲ್ಲ ಅಂತ.”

ಇಂದು ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ. ಊರಿಗೆ ಊರೇ ಮಾಂಸ ಬಿಟ್ಟು ಕ್ರಾಫಿಶ್ ಬೇಯಿಸುವ ದಿನ. ದೋಣಿಯ ಮೋಟಾರಿನ ಪಕ್ಕ ಕೂತು ಕಾಲಿನಲ್ಲಿ ಪೆಡಲ್ ಒತ್ತುತ್ತಿರುವ ಕ್ಲೋವಿಸ್ ಅವರ ಅಣ್ಣ ಡಡ್ಲಿಗೆ ಮಾತ್ರ ಉತ್ಸಾಹವಿಲ್ಲ. ಕಳೆದ ವಾರ ದೋಣಿ ಸಾಗುತ್ತಿದ್ದಾಗಲೇ ಕ್ಲೋವಿಸ್ ಕೈಗವಸು ಬುಟ್ಟಿಯ ತಂತಿಗೆ ಸಿಕ್ಕಿ, ಅವರು ನೀರಿಗೆ ಬೀಳುವುದರಲ್ಲಿದ್ದರು. ಡಡ್ಲಿ ಅಂದಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

“ಮಿಸ್ ಓಡೀಲ್, ಈಸ್ಟರ್ ಆದ್ಮೇಲೆ ಇವನನ್ನ ದೋಣಿ ಹತ್ತಿಸಲ್ಲ. ಬೇರೆ ಆಳು ನೋಡಿದೀನಿ,” ಎಂದರು ಡಡ್ಲಿ. “ಅವನಿಗೆ ಈಗ್ಲೇ ಹೇಳ್ಬೇಡಿ. ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ.”

ಓಡೀಲ್ ತಡಮಾಡಲಿಲ್ಲ. ಕ್ಲೋವಿಸ್ ಮೊಣಕೈ ತಟ್ಟಿದರು. ಕೈಗವಸು ಕಳಚಿದ ಎರಡು ಒದ್ದೆ ಕೈಗಳು ಅವರ ಕೈಗಳ ಮೇಲೆ ಕೂತವು. ಡಡ್ಲಿ ಆಡಿದ್ದನ್ನೆಲ್ಲ ಓಡೀಲ್ ಕೈಸನ್ನೆಯಲ್ಲಿ ಆ ಕೈಗಳಿಗೆ ದಾಟಿಸಿದರು, ‘ಹೇಳಬೇಡಿ’ ಎಂದದ್ದನ್ನೂ ಸೇರಿಸಿ.

“ಅಯ್ಯೋ ನಿಮ್ಮ! ಬೇಡ ಅಂದೆನಲ್ಲ!” ಡಡ್ಲಿ ಕೂಗಿಕೊಂಡರು.

“ಅವನ ಎದುರಿಗೇ ಅಂದ್ರಲ್ಲ,” ಎಂದರು ಓಡೀಲ್.

ಕ್ಲೋವಿಸ್ ಮುಖ ಬಿಗಿಯಿತು. ಅಪ್ಪ ಸತ್ತ ವರ್ಷವೂ ಅವರು ಈ ದೋಣಿ ಬಿಟ್ಟವರಲ್ಲ. ಇದನ್ನು ಬಿಟ್ಟರೆ ಮನೆಯ ಮೂಲೆಯ ಕುರ್ಚಿಯೇ ಗತಿ. ಅವರ ಕೈ ಗಾಳಿಯಲ್ಲಿ ಚುರುಕಾಗಿ ಆಡಿತು. ಓಡೀಲ್ ಅದಕ್ಕೆ ದನಿ ಕೊಟ್ಟರು: “ಬೇಡ ಅನ್ನೋದಾದ್ರೆ ನನ್ನ ಕೈಗೆ ಹೇಳೋ. ಅವಳ ಕಿವಿಗಲ್ಲ.”

ಚಿಕ್ಕಂದಿನಲ್ಲಿ ಅಮ್ಮನ ಕಣ್ಣು ತಪ್ಪಿಸಿ ಕೈಸನ್ನೆಯಲ್ಲೇ ಬೈದಾಡಿಕೊಳ್ಳುತ್ತಿದ್ದ ಅಣ್ಣತಮ್ಮಂದಿರು ಇವರು. ತಮ್ಮನ ಕಣ್ಣು ಹೋದಮೇಲೆ ಡಡ್ಲಿಯ ಕೈಯೂ ಮೂಕವಾಯಿತು. ಅಂದಿನಿಂದ ಅವರ ನಡುವಿನ ಮಾತೆಲ್ಲ ಓಡೀಲ್ ಮೂಲಕವೇ.

“ನೀವೇ ಹೇಳ್ಬಿಡಿ, ಮಿಸ್ ಓಡೀಲ್. ನಂಗೆ ಅದೆಲ್ಲ ಮರ್ತೇ ಹೋಗಿದೆ.”

“ದೋಣಿ ಓಡ್ಸೋದು ನಿಮ್ಮ ಕಾಲು ತಾನೆ? ಕೈ ಖಾಲಿ ಇದ್ಯಲ್ಲ.”

ಡಡ್ಲಿ ಮೋಟಾರು ನಿಲ್ಲಿಸಿದರು. ಗವಸು ಕಿತ್ತು ಹಾಕಿ, ತಮ್ಮನ ಕೈಗಳನ್ನು ಹಿಡಿದು ತನ್ನ ಕೈಗಳ ಮೇಲೆ ಇಟ್ಟುಕೊಂಡರು. ಬೆರಳು ತಡವರಿಸಿದವು, ತಪ್ಪಿದವು, ಮತ್ತೆ ಶುರು ಮಾಡಿದವು. ಓಡೀಲ್ ಬೆನ್ನು ತಿರುಗಿಸಿ ಎರಡೂ ಕೈ ಜೇಬಿಗಿಳಿಸಿ ಆಚೆ ದಡ ನೋಡುತ್ತ ನಿಂತರು. ಹಿಂದೆ ಎದೆಗೆ ಗುದ್ದಿದ ಸದ್ದು. ಯಾರೋ ಮೂಗು ಸೀನಿಕೊಂಡರು. ಬಹಳ ಹೊತ್ತಾದ ಮೇಲೆ ಕ್ಲೋವಿಸ್ ಅವರ ಒರಟು ನಗು ಕೇಳಿಸಿತು. ದೋಣಿ ಮತ್ತೆ ಹೊರಟಿತು. ಆದರೆ ಈಗ ಪ್ರತಿ ಬುಟ್ಟಿಯ ಹತ್ತಿರ ನಿಲ್ಲುತ್ತಿದೆ, ಕ್ಲೋವಿಸ್ ತಗಡಿನ ತಳಕ್ಕೆ ಕಾಲು ಕುಟ್ಟಿದ ಮೇಲಷ್ಟೇ ಮುಂದೆ ಸಾಗುತ್ತಿದೆ.

ದಡಕ್ಕೆ ಬಂದಾಗ ಡಡ್ಲಿ ಫ್ಲಾಸ್ಕಿನಿಂದ ಕಪ್ಪು ಕಾಫಿ ಬಗ್ಗಿಸಿ ಕೊಟ್ಟರು. “ಅವನು ಈಸ್ಟರ್ ಆದ್ಮೇಲೂ ಬರ್ತಾನೆ. ನೀವು ಬೇಕಾದ್ರೆ ಸ್ವಲ್ಪ ತಡವಾಗಿ ಬನ್ನಿ, ಮಿಸ್ ಓಡೀಲ್. ಮೊದಲ್ನೇ ಸಾಲು ನಾವಿಬ್ರೇ ನೋಡ್ಕೋತೀವಿ.”

ಅಷ್ಟು ಹೊತ್ತು ಇಬ್ಬರೂ ಏನು ಮಾತಾಡಿಕೊಂಡರು ಎಂದು ಕೇಳಿದರೆ ಓಡೀಲ್ ಕಾಫಿ ಊದಿಕೊಂಡು ನಗುತ್ತಾರೆ.

“ನಂಗೇನು ಗೊತ್ತು? ಅವರಿಬ್ರೂ ಆಡಿದ್ದು ನಂಗೆ ಗೊತ್ತಿಲ್ದೇ ಇರೋದು ಇದೇ ಮೊದಲು.”