ಮುಂದಿನ ವರ್ಷದ ನಿಂಬೆಹಣ್ಣು

ಈ ಸಲ ಆಯುಧಪೂಜೆಯ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ನಾಲ್ಕು ಹಿತ್ತಾಳೆ ಬಳೆಗಳನ್ನು ತಿಕ್ಕುತ್ತಾ ಕೂತಿದ್ದೆ. ಕೈಗೆ ಹಾಕುವ ಬಳೆಗಳಲ್ಲ. ರಿಮೋಟಿನಲ್ಲಿ ಓಡುವ ನನ್ನ ಪುಟ್ಟ ಟ್ರಕ್ಕಿನ ಚಕ್ರದೊಳಗೆ ಕೂರುವ ಬಳೆಗಳು. ಎಷ್ಟು ತೊಳೆದರೂ ಅವುಗಳಿಂದ ಲೇತ್ ಮಿಷನ್ನಿನ ಎಣ್ಣೆ ವಾಸನೆ ಹೋಗುವುದಿಲ್ಲ. ಅಥವಾ ಎಂದೋ ಹೋಗಿದೆ, ನನ್ನ ಮೂಗೇ ಬಿಡುತ್ತಿಲ್ಲವೋ ಏನೋ...

ಆ ವಾಸನೆಯ ಜೊತೆ ಅವರು ಬರುತ್ತಾರೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಕೊನೆಯಲ್ಲಿದ್ದ ಲೇತ್ ಅಂಗಡಿಯ ಯಜಮಾನರು. ಬೀದಿಗೆಲ್ಲ ಅವರು ಲೇತ್ ಅಣ್ಣ. ಸುತ್ತಲಿನ ಮಗ್ಗಗಳಿಗೆ ಬುಷ್, ಶಾಫ್ಟ್ ಅಂತ ಲೋಹದ ಬಿಡಿಭಾಗ ಕಡೆದುಕೊಡುವುದು ಅವರ ಕೆಲಸ. ಮಗ್ಗದ ಸದ್ದಿನಲ್ಲೇ ಬಾಳಿದವರಾದ್ದರಿಂದ ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡುತ್ತಿದ್ದರು.

ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ನನ್ನಂಥ ಹೆಂಗಸು ಭಾನುವಾರ ಬಂದರೆ ತೂಬಗೆರೆ ಕಡೆಯ ಬಂಡೆಗಳ ಮೇಲೆ ಆಟದ ಟ್ರಕ್ ಹತ್ತಿಸುತ್ತಾಳೆ ಅಂದರೆ ಜನ ಸುಮ್ಮನಿರುತ್ತಾರೆಯೇ? ನಗುವವರು ನಗಲಿ ಅಂತ ನಾನೂ ಬಿಟ್ಟಿದ್ದೆ. ಮುಂದಿನ ಚಕ್ರದ ಪ್ಲಾಸ್ಟಿಕ್ ತುಂಡೊಂದು ಮುರಿದು ಅವರ ಅಂಗಡಿಗೆ ಹೋದ ದಿನ ಅವರು ಮಾತ್ರ ನಗಲಿಲ್ಲ. ಟ್ರಕ್ಕನ್ನು ತಲೆಕೆಳಗು ಮಾಡಿ, ಚಕ್ರಗಳನ್ನೆಲ್ಲ ತಿರುಗಿಸಿ ನೋಡಿ, ‘ಇದಕ್ಕೆ ಪೂಜೆ ಮಾಡ್ಸಿದ್ಯೇನಮ್ಮಾ?’ ಅಂದರು. ಇಲ್ಲ ಅಂದೆ. ‘ಅದಕ್ಕೇ ಮುರಿದಿರೋದು. ಬರೋ ವಾರ ಆಯುಧಪೂಜೆ, ತಗೊಂಬಾ.’

ಹಬ್ಬದ ದಿನ ಅಂಗಡಿ ಮುಂದೆ ನಿಂತ ಆಟೋ, ಟೆಂಪೋಗಳ ಸಾಲಿನ ಕೊನೆಗೆ, ಅವರೇ ರಿಪೇರಿ ಮಾಡಿಕೊಟ್ಟ ನನ್ನ ಟ್ರಕ್. ಕುಂಕುಮ, ಸೇವಂತಿಗೆ, ಎಲ್ಲ ಆಯಿತು. ಚಕ್ರದ ಮುಂದೆ ಅವರೇ ನಿಂಬೆಹಣ್ಣು ಇಟ್ಟರು. ನಾನು ರಿಮೋಟ್ ಒತ್ತಿದೆ. ಟ್ರಕ್ ನಿಂಬೆಹಣ್ಣು ಹತ್ತಿತು, ಮೇಲೆ ಒಂದು ಗಳಿಗೆ ಯೋಚನೆ ಮಾಡಿತು, ಮಗುಚಿಕೊಂಡು ಬಿತ್ತು. ಹಣ್ಣಿಗೆ ಒಂದು ಗೀರೂ ಇಲ್ಲ. ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು.

ಅಣ್ಣನಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಸಣ್ಣ ಹಣ್ಣು ಇಡೋಣ ಅಂದರೆ ‘ಮೋಸದ ಪೂಜೆ ನಮಗ್ಯಾಕೆ?’ ಅಂತ ಗದರಿದರು. ಗಾಡಿಗೆ ಭಾರ ಸಾಲದು ಅನ್ನುವುದು ಅವರ ತೀರ್ಮಾನ. ಹಳೇ ಮಗ್ಗದ ಹಿತ್ತಾಳೆ ಬುಷ್‌ಗಳನ್ನು ಹುಡುಕಿ, ಕಡೆದು, ಚಕ್ರದೊಳಗೆ ಕೂರುವಂತೆ ಈ ಬಳೆಗಳನ್ನು ಮಾಡತೊಡಗಿದರು. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ, ಅವರಿಗೂ ಬಿಡುವಿತ್ತು. ಸಂಜೆ ಬ್ಯಾಂಕಿನಿಂದ ಬರುವಾಗ ಹೋದರೆ ಸ್ಟೂಲ್ ಒರೆಸಿ ಕೂರಿಸಿ, ಕಾಫಿ ತರಿಸಿ, ಕಡೆದ ಬಳೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಬಿಳಿ ಗಡ್ಡದಲ್ಲಿ ಹಿತ್ತಾಳೆ ಚೂರು ಹೊಳೆಯುತ್ತಿರುತ್ತಿತ್ತು. ಆ ಸಂಜೆಗಳು ನನಗೆ ಎಷ್ಟು ಬೇಕಾಗಿದ್ದವು ಅನ್ನುವುದು ಆಗ ಗೊತ್ತಿರಲಿಲ್ಲ.

ಮುಂದಿನ ಆಯುಧಪೂಜೆಗೆ ಟ್ರಕ್ ಮಗುಚಲಿಲ್ಲ. ಹಣ್ಣಿನ ಮೇಲೆ ಒತ್ತಿ ನಿಂತಿತು. ಹಣ್ಣು ಚಪ್ಪಟೆಯಾಗತೊಡಗಿತು. ‘ಒತ್ತಮ್ಮಾ, ಇನ್ನೂ ಒತ್ತು!’ ಅಂತ ಅಣ್ಣ ಕೂಗಿದರು... ಪಟಕ್ಕನೆ ಒಳಗಿನ ಆಕ್ಸಲ್ ಮುರಿಯಿತು. ಅಷ್ಟು ಭಾರವನ್ನು ಆ ತೆಳು ಕಡ್ಡಿ ತಡೆಯಲಿಲ್ಲ.

‘ಉಕ್ಕಿಂದು ಒಂದು ಕಡೆದ್ರೆ ಆಯ್ತಲ್ವಾ ಅಣ್ಣಾ, ಈಗ್ಲೇ?’ ಅಂದೆ. ಲೇತ್ ಅಲ್ಲೇ ಪಕ್ಕದಲ್ಲಿತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು. ಅವರು ಅದರ ಕಡೆ ನೋಡಿದರು. ಅವರಿಗೂ ಆಸೆಯಿತ್ತು, ಮುಖದಲ್ಲೇ ಕಾಣುತ್ತಿತ್ತು.

‘ಇವತ್ತು ಮಿಷನ್‌ಗೆ ರಜಾ ಕಣಮ್ಮಾ. ಪೂಜೆ ಆದ್ಮೇಲೆ ಮುಟ್ಟಂಗಿಲ್ಲ.’

ಹಾಗಾದರೆ ನಾಳೆ ಕಡೆದು ನಾಳೆಯೇ ಹಣ್ಣು ಒಡೆಯೋಣ ಅಂದೆ.

‘ಆಯುಧಪೂಜೆ ದಿನ ಬಿಟ್ಟು ಒಡೆದ್ರೆ ಅದು ಬರೀ ಪಾನಕ. ಮುಂದಿನ ವರ್ಷ ನೋಡ್ಕೊಳ್ಳೋಣ ಬಿಡು. ಎಲ್ಲಿಗೆ ಹೋಗ್ತೀವಿ?’

ಉಕ್ಕಿನ ಆಕ್ಸಲ್ ಅದೇ ತಿಂಗಳು ತಯಾರಾಯಿತು. ಅವರೇ ಕೂರಿಸಿ, ಗ್ರೀಸ್ ಹಚ್ಚಿಕೊಟ್ಟರು. ಬೇಸಿಗೆಯ ಒಂದು ಮಧ್ಯಾಹ್ನ ಎದೆನೋವು ಅಂತ ಅಂಗಡಿ ಮುಚ್ಚಿ ಮನೆಗೆ ಹೋದವರು ಮತ್ತೆ ಬಾಗಿಲು ತೆಗೆಯಲಿಲ್ಲ. ಹೊಸಕೋಟೆ ಕಡೆಯವರು ಯಾರೋ ಬಂದು ಲೇತನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆಮೇಲಿನ ಹಬ್ಬಗಳಲ್ಲಿ ನಾನು ಟ್ರಕ್ಕನ್ನು ಬೀರುವಿನಿಂದ ಹೊರಗೇ ತೆಗೆಯಲಿಲ್ಲ. ಅವರಿಲ್ಲದೆ ಆ ಹಣ್ಣು ಒಡೆಯುವುದು ನನಗೆ ಬೇಕಿರಲಿಲ್ಲ.

ಈ ಸಲ ಯಾಕೋ ತಡೆಯಲಾಗಲಿಲ್ಲ. ಬುಟ್ಟಿಯಲ್ಲಿದ್ದ ದಪ್ಪ ನಿಂಬೆಹಣ್ಣನ್ನೇ ಆರಿಸಿದೆ. ಬಳೆಗಳನ್ನು ಕೂರಿಸಿ, ಮನೆ ಮುಂದೆ ಸ್ಕೂಟರ್ ಪಕ್ಕ ಟ್ರಕ್ ನಿಲ್ಲಿಸಿ, ರಿಮೋಟ್ ಒತ್ತಿದೆ. ಹತ್ತಿತು. ಒತ್ತಿತು. ಪಚಕ್ಕನೆ ಹಣ್ಣು ಒಡೆದು ರಸ ರಂಗೋಲಿಯ ಮೇಲೆ ಹರಿಯಿತು.

‘ನೋಡಿದ್ರಾ ಅಣ್ಣಾ!’ ಅಂತ ಕೂಗಿಯೇ ಬಿಟ್ಟೆ, ಮಗ್ಗದ ಸದ್ದು ಮೀರಿಸಿ ಅವರಿಗೆ ಕೇಳಿಸಬೇಕೆನ್ನುವ ಹಾಗೆ. ನಮ್ಮ ಬೀದಿಯಲ್ಲಿ ಈಗ ಒಂದು ಮಗ್ಗವೂ ಇಲ್ಲ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.