ಹತ್ತೊಂಬತ್ತನೇ ನಂಬರಿನ ಸ್ಪ್ಯಾನರ್

ಸಿಲ್ವೆಸ್ಟರ್ ಬಾಬ್ ಹಾಲಿನ ಬಾಟಲಿಯ ಮುಚ್ಚಳ ತಿರುಗಿಸುವ ಮೊದಲು ತಾರೀಖು ಓದುತ್ತಾರೆ. ಓದಿದ ಮೇಲೆ ಮೂಸುತ್ತಾರೆ. ಮೂಸಿದ ಮೇಲೂ ಮೊದಲ ಲೋಟ ಹೆಂಡತಿ ರೆಜಿನಾಗೆ. ಇದನ್ನು ನನಗೆ ಹೇಳಿದ್ದು ಆ ರೆಜಿನಾ ಬಾಯಿಯೇ. "ಮದುವೆಯ ದಿನ ಇಗರ್ಜಿಯಲ್ಲಿ ಉಂಗುರ ತೊಡಿಸುವಾಗಲೂ ಇವರು ಅದರ ಒಳಗಿನ ಮುದ್ರೆ ನೋಡಿದವರು, ಡೋಲ್ಫಿ. ನನ್ನ ಮುಖ ನೋಡಿದ್ದು ಆಮೇಲೆ" ಎಂದು ನಕ್ಕಿದ್ದರು.

ಗಲ್ಫಿನಲ್ಲಿ, ಸಬ್ಹಾನಿನ ನಮ್ಮ ವರ್ಕ್‌ಶಾಪಿನಲ್ಲಿ ಅವರು ಟೂಲ್ ಸ್ಟೋರ್ ನೋಡಿಕೊಳ್ಳುವವರು, ನಾನು ಹಾಜರಿ ಬರೆಯುವವನು. ನಮ್ಮ ಕೊಂಕಣಿಯಲ್ಲಿ ಹಿರಿಯರನ್ನು ಬಾಬ್, ಬಾಯಿ ಎಂದೇ ಕರೆಯುವುದು. ಮೀನಾ ಅಬ್ದುಲ್ಲಾದ ರಿಫೈನರಿಗೆ ರಿಪೇರಿಗೆ ಹೋಗುವ ಫಿಟ್ಟರುಗಳೆಲ್ಲ ಅವರ ಜಾಲರಿ ಕಿಟಕಿಯಲ್ಲಿ ಸಾಮಾನು ಪಡೆದು, ಅಲ್ಲೇ ಒಪ್ಪಿಸಬೇಕು. ಇಪ್ಪತ್ತಾರು ವರ್ಷಗಳಿಂದ ಆ ಕಿಟಕಿಯ ಹಿಂದೆ ಕುಳಿತು ಸಿಲ್ವೆಸ್ಟರ್ ಬಾಬ್ ಕಲಿತ ಪಾಠ ಒಂದೇ: ಯಾರನ್ನೂ ನಂಬಬಾರದು. ಇಂಥ ಸಂಶಯದ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ಪ್ಯಾನರಿನ ಹಿಡಿಯ ಮೇಲೆ ಅಚ್ಚಾದ ದೇಶದ ಹೆಸರನ್ನು ಅವರು ಭೂತಗನ್ನಡಿ ಹಿಡಿದು ಓದುತ್ತಿದ್ದರು. "ಹಿಂದೆ ಜರ್ಮನಿ ಅಂದ್ರೆ ಜರ್ಮನಿ. ಈಗ ಹೆಸರು ಒಂದು ದೇಶದ್ದು, ಕಬ್ಬಿಣ ಇನ್ನೊಂದು ದೇಶದ್ದು, ಡಬ್ಬಿ ಮೂರನೆಯದ್ದು. ನಮ್ಮ ಹಾಗೆ ಸ್ಪ್ಯಾನರಿಗೂ ಕಫೀಲ್, ಅಂದ್ರೆ ವೀಸಾ ಕೊಡುವ ಧಣಿ, ಬದಲಾಗುವ ಕಾಲ ಮಾರಾಯ! ಬೆಳ್ಳಗಿರುವುದೆಲ್ಲ ಹಾಲಲ್ಲ" ಎನ್ನುತ್ತಿದ್ದರು. ಒಳ್ಳೆಯ ಸ್ಪ್ಯಾನರನ್ನು ಸಂತೆಯಲ್ಲಿ ಮಾರಿ, ಅಗ್ಗದ್ದನ್ನು ತಂದು ಒಪ್ಪಿಸಿದ ಇಬ್ಬರು ಫಿಟ್ಟರುಗಳನ್ನು ಅವರು ಹಿಡಿದದ್ದೂ ಉಂಟು. ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ.

ಅವರ ಸ್ಟೋರಿನಲ್ಲಿ ಒಂದು ವಿಚಿತ್ರ ಕಟ್ಟಳೆ. ಹೊಸ ಸ್ಪ್ಯಾನರ್ ಸೆಟ್ಟಿನ ಸೀಲನ್ನು ಅವರು ಒಡೆಯುವುದಿಲ್ಲ. ಪಡೆಯುವ ಫಿಟ್ಟರೇ ಅವರ ಕಣ್ಣೆದುರು ಒಡೆಯಬೇಕು. ನಾಳೆ "ಒಂದು ಕಡಿಮೆಯಿತ್ತು" ಎಂದು ಯಾರೂ ಅವರ ಮೇಲೆ ಹೇಳಬಾರದಲ್ಲ! ಕಿಟಕಿಯ ಒಳಗಿನಿಂದಲೇ ತುಂಡುಗಳನ್ನು ಎಣಿಸಿ, ಡಬ್ಬಿಯ ಮುಚ್ಚಳದ ಮೇಲಿದ್ದುದನ್ನು ನೋಡಿ ಆ ಫಿಟ್ಟರಿನ ಕಾರ್ಡಿನಲ್ಲಿ ಬರೆದುಕೊಂಡು, ರುಜು ಹಾಕಿಸಿಕೊಳ್ಳುತ್ತಿದ್ದರು. ಹಿಂತಿರುಗಿ ಬಂದಾಗ ಮಾತ್ರ ಭೂತಗನ್ನಡಿ.

ಹೋದ ಚಳಿಗಾಲದಲ್ಲಿ ತಿಮ್ಮರಾಯಪ್ಪನವರು ಕೆಲಸ ಮುಗಿಸಿ ಊರಿಗೆ ಹೊರಟರು. ತುಮಕೂರು ಕಡೆಯವರು, ಹನ್ನೊಂದು ವರ್ಷ ನಮ್ಮಲ್ಲಿ ಫಿಟ್ಟರ್. ಮಾತು ಕಡಿಮೆ. ರಿಫೈನರಿಯನ್ನು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಬಂದರೆ ಎರಡೆರಡು ತಿಂಗಳಿಗೆ ಅವರನ್ನು ಮತ್ತೆ ಕರೆಸುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಅದನ್ನೇ ನೆಚ್ಚಿಕೊಂಡು ಅವರು ಧೈರ್ಯವಾಗಿ ಹೊರಟಿದ್ದರು. ಭಾನುವಾರ ಸಂಜೆಯ ವಿಮಾನ. ಬುಧವಾರ ಟೂಲ್ ಬಾಕ್ಸನ್ನು ಒರೆಸಿ, ಎಣ್ಣೆ ಸವರಿ ಕಿಟಕಿಯ ಮುಂದಿಟ್ಟರು. ಸ್ಟೋರಿನ ಸಹಿ ಬೀಳದೆ ಯಾರಿಗೂ ಹೋಗಲು ಬಿಡುಗಡೆಯಿಲ್ಲ.

ಸಿಲ್ವೆಸ್ಟರ್ ಬಾಬ್ ಒಂದೊಂದನ್ನೇ ಕನ್ನಡಿಯಡಿ ಹಿಡಿದರು. ಹತ್ತೊಂಬತ್ತನೇ ನಂಬರಿನ ಸ್ಪ್ಯಾನರಿಗೆ ಬಂದಾಗ ಅವರ ಹುಬ್ಬು ಮೇಲೇರಿತು.

"ಇದು ನಾನು ಕೊಟ್ಟದ್ದಲ್ಲ ಮಾರಾಯ್ರೆ. ಕಾರ್ಡಿನಲ್ಲಿ ಎಲ್ಲ ಜರ್ಮನಿ ಅಂತ ಉಂಟು. ಇದರ ಮೇಲೆ ತೈವಾನ್ ಅಂತ ಉಂಟಲ್ಲ?"

"ನೀವ್ ಕೊಟ್ಟಿದ್ದೇ ಸಾರ್ ಅದು. ನಾನ್ಯಾಕ್ ಬದಲಾಯ್ಸ್ಲಿ?"

"ಅದು ನಿಮಗೇ ಗೊತ್ತು."

ತಿಮ್ಮರಾಯಪ್ಪನವರ ಮುಖ ಕಪ್ಪಿಟ್ಟಿತು. ನನಗೆ ತಡೆಯಲಾಗಲಿಲ್ಲ. ಅವರ ಸೆಟ್ಟು ಬಂದ ವರ್ಷವೇ ತರಿಸಿದ ಇನ್ನೆರಡು ಸೆಟ್ಟುಗಳು ಕಪಾಟಿನ ಮೇಲೆ ಸೀಲ್ ಸಮೇತ ಇದ್ದವು. ಒಂದನ್ನು ಒಡೆದು ನೋಡಿಬಿಡಿ ಎಂದೆ. "ಯಾರಿಗೂ ಕೊಡದೆ ಸೀಲ್ ಒಡೆದರೆ ನಾಳೆ ಆಡಿಟಿನವರಿಗೆ ನೀನು ಉತ್ತರ ಕೊಡ್ತೀಯಾ?" ಎಂದು ನನ್ನ ಮೇಲೆಯೇ ಹರಿಹಾಯ್ದರು. ನಾನು ಹಾಜರಿ ಪುಸ್ತಕ ಬಿಡಿಸಿಕೊಂಡು ಕುಳಿತೆ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನ್ನೊಳಗೂ ಒಂದು ಹುಳ ಹೊಕ್ಕಿತ್ತು. ಇಷ್ಟು ಮಾತು ಕಡಿಮೆ ಆಡುವ ಮನುಷ್ಯನನ್ನು ಹೇಗೆ ನಂಬುವುದು ಎಂದುಕೊಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಆಗುವಷ್ಟರಲ್ಲಿ ಸುದ್ದಿ ಅಬ್ಬಾಸಿಯಾದಲ್ಲಿ ತಿಮ್ಮರಾಯಪ್ಪನವರಿದ್ದ ರೂಮು ಮುಟ್ಟಿತ್ತು. ಒಂದೇ ಕೋಣೆಯಲ್ಲಿ ಆರು ಜನ. ತಿಮ್ಮರಾಯಪ್ಪನವರು ಬಂದರೆ ಒಬ್ಬ ತನ್ನ ಪೆಟ್ಟಿಗೆಯ ಬೀಗ ಎಳೆದು ನೋಡುತ್ತಿದ್ದನಂತೆ, ತಮಾಷೆಗೆ. ಆ ತಮಾಷೆಗೆ ಎಲ್ಲರೂ ನಗುತ್ತಿದ್ದರಂತೆ.

ಶುಕ್ರವಾರದ ಸಂತೆಯಲ್ಲಿ ಹಳೆ ಕಾರ್ಪೆಟ್ಟಿನಿಂದ ಹಳೆ ಕಬ್ಬಿಣದವರೆಗೆ ಎಲ್ಲ ಸಿಗುತ್ತದೆ. ತಿಮ್ಮರಾಯಪ್ಪನವರು ಇಡೀ ದಿನ ಅಲ್ಲಿ ಅಲೆದು ಜರ್ಮನಿ ಎಂದು ಅಚ್ಚಾಗಿದ್ದ ಹತ್ತೊಂಬತ್ತನೇ ನಂಬರನ್ನು ಹುಡುಕಿ, ಶನಿವಾರ ತಂದು ಕಿಟಕಿಯಲ್ಲಿಟ್ಟರು. "ತಗೊಳಿ ಸಾರ್. ನನ್ನ ಕಳಿಸ್ಕೊಡಿ" ಎಂದರು, ಅಷ್ಟೇ.

ಸಿಲ್ವೆಸ್ಟರ್ ಬಾಬ್ ಅಚ್ಚು ಓದಿ ತಲೆಯಾಡಿಸಿದರು. ಹಳೆಯ ಸ್ಪ್ಯಾನರನ್ನು ತಾರೀಖು ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಾಕ್ಷಿಯೆಂದು ಡ್ರಾಯರಿನಲ್ಲಿಟ್ಟರು. ಸಹಿ ಹಾಕಿದರು, ಜೊತೆಗೆ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: 'ಮೂಲ ಸಾಮಾನು ಇಲ್ಲ, ಬದಲಿ ಒಪ್ಪಿಸಲಾಗಿದೆ.' ಕೆಂಪು ಶಾಯಿ ಬಿದ್ದವನನ್ನು ನಮ್ಮ ಕಂಪನಿ ಮತ್ತೆ ಕರೆಯುವುದಿಲ್ಲ. ಇದು ತಿಮ್ಮರಾಯಪ್ಪನವರಿಗೂ ಗೊತ್ತಿತ್ತು. ಆ ಸಾಲನ್ನು ಎರಡು ಸಲ ನೋಡಿ ಹೊರಟುಹೋದರು.

"ನೋಡಿದೆಯಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ತಪ್ಪು ಮಾಡದವನು ಬದಲಿ ಯಾಕೆ ತರುತ್ತಾನೆ?" ಎಂದರು ಸಿಲ್ವೆಸ್ಟರ್ ಬಾಬ್ ನನಗೆ.

ಆ ಟೂಲ್ ಬಾಕ್ಸ್ ಅದೇ ಮಧ್ಯಾಹ್ನ ಇನ್ನೊಬ್ಬ ಫಿಟ್ಟರಿಗೆ ಹೋಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಅವನು ಗೆಣ್ಣು ತರಚಿಕೊಂಡು ಬಂದು ಸಂತೆಯ ಆ ಸ್ಪ್ಯಾನರನ್ನು ಕಿಟಕಿಯೊಳಗೆ ಬಿಸಾಡಿದ. "ನಟ್ಟಿನ ಮೇಲೆ ನಿಲ್ಲೋದೇ ಇಲ್ಲ ಭಾಯಿ, ಜಾರುತ್ತೆ!" ಸಿಲ್ವೆಸ್ಟರ್ ಬಾಬ್ ಅಳತೆ ಹಿಡಿದರು. ಬಾಯಿ ಸಡಿಲ. ಹತ್ತೊಂಬತ್ತೂ ಸುಳ್ಳು, ಜರ್ಮನಿಯೂ ಸುಳ್ಳು. ಯಾರೋ ಸಂತೆಗೆಂದೇ ಅಚ್ಚು ಹೊಡೆದ ನಕಲಿ. ಡ್ರಾಯರಿನ ಚೀಲದಿಂದ ತೈವಾನಿನದನ್ನು ತೆಗೆದು ಅಳೆದರು. ಕೂದಲಿನಷ್ಟೂ ಹೆಚ್ಚು ಕಡಿಮೆಯಿರಲಿಲ್ಲ.

ಸಾಕ್ಷಿಯೆಂದು ಇಟ್ಟದ್ದನ್ನು ಕೊಡುವಂತಿರಲಿಲ್ಲ, ಅವನಿಗೆ ಕಪಾಟಿನ ಮೇಲಿದ್ದ ಹೊಸ ಸೆಟ್ಟನ್ನೇ ಕೊಡಬೇಕಾಯಿತು. ಕಟ್ಟಳೆಯಂತೆ ಅವನೇ ಸೀಲ್ ಒಡೆದ. ಈ ಸಲ ಸಿಲ್ವೆಸ್ಟರ್ ಬಾಬ್ ಎಣಿಸಲಿಲ್ಲ. ಕಿಟಕಿಯಿಂದ ಕೈ ಚಾಚಿ ನೇರ ಹತ್ತೊಂಬತ್ತನೇ ನಂಬರನ್ನು ಎತ್ತಿಕೊಂಡರು. ಅದರ ಮೇಲೆ ತೈವಾನ್ ಎಂದಿತ್ತು. ಉಳಿದವೆಲ್ಲ ಜರ್ಮನಿ. ಮುಚ್ಚಳದ ಮೇಲೂ ದೊಡ್ಡದಾಗಿ ಜರ್ಮನಿ. ಎರಡನೇ ಸೆಟ್ಟಿನ ಸೀಲನ್ನು, ಆಡಿಟ್ ಗೀಡಿಟ್ ಮರೆತು, ತಾವೇ ಒಡೆದರು. ಅದರಲ್ಲೂ ಹಾಗೆಯೇ. ಕಾರ್ಖಾನೆಯ ಕೆಲಸ ದೇಶದಿಂದ ದೇಶಕ್ಕೆ ಹೋಗುತ್ತಿದ್ದ ಆ ವರ್ಷ, ಎರಡು ಕಡೆಯ ಮಾಲು ಒಂದೇ ಡಬ್ಬಿಗೆ ಬಿದ್ದಿರಬೇಕು. ಹಾಲನ್ನು ಮೂಸುವ ಮನುಷ್ಯ ಜೀವಮಾನದಲ್ಲಿ ನಂಬಿದ್ದು ಒಂದೇ ಒಂದನ್ನು, ಆ ರಟ್ಟಿನ ಮುಚ್ಚಳವನ್ನು.

"ಡೋಲ್ಫಿ, ಗಾಡಿ ತೆಗಿ" ಎಂದರು.

ಮೊದಲು ಮ್ಯಾನೇಜರರ ಕೋಣೆಗೆ ಹೋಗಿ ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ 'ತಪ್ಪು ಸ್ಟೋರಿನದ್ದು' ಎಂದು ಬರೆದು ಸಹಿ ಹಾಕಿಸಿಕೊಂಡರು. ಅಬ್ಬಾಸಿಯಾ ಮುಟ್ಟುವವರೆಗೆ ಆ ಕಾರ್ಡನ್ನೂ ತೈವಾನಿನ ಸ್ಪ್ಯಾನರನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ರೂಮಿನಲ್ಲಿ ಆ ಹೊತ್ತಿಗೆ ನಾಲ್ವರಿದ್ದರು. ಬಾಗಿಲ ಪಕ್ಕದಲ್ಲಿ ತಿಮ್ಮರಾಯಪ್ಪನವರ ರಟ್ಟಿನ ಪೆಟ್ಟಿಗೆ, ಹಗ್ಗದಿಂದ ಅಡ್ಡಡ್ಡ ಉದ್ದುದ್ದ ಬಿಗಿದು, ಮೇಲೆ ಹೆಸರು ಊರು ಬರೆದು ಸಿದ್ಧವಾಗಿತ್ತು. ಸಿಲ್ವೆಸ್ಟರ್ ಬಾಬ್‌ರನ್ನು ಕಂಡದ್ದೇ ತಿಮ್ಮರಾಯಪ್ಪನವರು ಎದ್ದು ನಿಂತರು. ಇವರು ಬಾಯಿ ತೆರೆಯುವ ಮೊದಲೇ ಚಾಕುವಿನಿಂದ ಹಗ್ಗ ಕತ್ತರಿಸಿ, ಪೆಟ್ಟಿಗೆಯಲ್ಲಿದ್ದುದನ್ನು ಒಂದೊಂದಾಗಿ ನೆಲದ ಮೇಲೆ ಇಡತೊಡಗಿದರು. ಹಾಲಿನ ಪುಡಿಯ ಡಬ್ಬ, ಎರಡು ಕಂಬಳಿ, ಟಾರ್ಚು, ಹೆಂಡತಿಗೆ ಕೊಂಡ ಚಪ್ಪಲಿ.

"ನೋಡ್ಕೊಳಿ ಸಾರ್. ಇವ್ರೆದುರಿಗೇ ನೋಡ್ಕೊಂಡು ಹೋಗಿ. ಆಮ್ಯಾಕೆ ಊರ್‌ಗಂಟ ಬರ್ಬ್ಯಾಡಿ."

"ಅಯ್ಯೋ, ಅದಕ್ಕಲ್ಲ ನಾನು ಬಂದದ್ದು. ತಪ್ಪು ನನ್ನದು ಮಾರಾಯ್ರೆ. ಡಬ್ಬಿಯೇ ಹಾಗೆ ಬಂದಿತ್ತು. ನಾನು ನೋಡದೆ ಬರೆದದ್ದು. ನೀವು ಕಳ್ಳರಲ್ಲ" ಎಂದರು ಸಿಲ್ವೆಸ್ಟರ್ ಬಾಬ್. ಕೊನೆಯ ಮಾತನ್ನು ರೂಮಿನವರಿಗೆಲ್ಲ ಕೇಳುವ ಹಾಗೆ ಎರಡು ಸಲ ಹೇಳಿದರು. ಕಾರ್ಡು ತೋರಿಸಿದರು. ಹಳೆಯ ಸ್ಪ್ಯಾನರನ್ನು ಮುಂದೆ ಹಿಡಿದು, "ಇದು ನಿಮ್ಮ ಹತ್ತಿರವೇ ಇರಲಿ, ನಿಮಗೆ ಕೊಟ್ಟದ್ದೆಂದು ಲೆಕ್ಕದಲ್ಲಿ ನಾನು ಬರೆದುಕೊಳ್ಳುತ್ತೇನೆ" ಎಂದರು.

"ಬ್ಯಾಡ ಸಾರ್. ನಾಳೀಕೆ ಅದುಕ್ಕೂ ಲೆಕ್ಕ ಕೇಳ್ತೀರ."

ಸಿಲ್ವೆಸ್ಟರ್ ಬಾಬ್ ಕಣ್ಣು ಒರೆಸಿಕೊಂಡರು. ಆಮೇಲೆ ಆ ಅರವತ್ತರ ಹತ್ತಿರದ ಮನುಷ್ಯ ನೆಲದ ಮೇಲೆ ಕುಳಿತು, ಕಂಬಳಿ ಮಡಚಿ, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಕತ್ತರಿಸಿದ ಹಗ್ಗವನ್ನು ಗಂಟು ಹಾಕಿ ಹಾಕಿ ಬಿಗಿದರು. ಅರ್ಧ ಗಂಟೆಯೇ ಹಿಡಿಯಿತು.

ಅವರು ಎದ್ದು ಪಕ್ಕಕ್ಕೆ ಸರಿದ ಮೇಲೆ ತಿಮ್ಮರಾಯಪ್ಪನವರು ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿ, ಅವರು ಹಾಕಿದ ಒಂದೊಂದು ಗಂಟನ್ನೂ ಎಳೆದು ನೋಡಿದರು.